ಮೈಲುಗಲ್ಲಿನ ಉಸ್ತಾದ

ಯಲ್ಲಾಪುರದಲ್ಲಿ ಬಸ್ಸಿಳಿದ ಅರ್ಧ ಗಂಟೆಯಲ್ಲೇ ಮೂವರು ಉಸ್ತಾದರನ್ನು ಕಂಡೆ. ಮೂವರಿಗೂ ಓದು ಬರಹ ಬಾರದು ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ. ಒಬ್ಬರು ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದರು. ಇನ್ನೊಬ್ಬರು ಚಕ್ರದ ನಟ್ಟು ಸಡಿಲಿಸಲು ಪಾನಾದ ಕಬ್ಬಿಣದ ಹಿಡಿಯ ಮೇಲೆ ನಿಂತು ಕುಣಿಯುತ್ತಿದ್ದರು. ಮೂರನೆಯವರು ಚಹಾದ ಅಂಗಡಿ ಮುಂದೆ ಕುಳಿತು ಬಸಿಯಿಂದ ಚಹಾ ಹೀರುತ್ತಿದ್ದರು, ಅವರಿಗೆ ಯಾರೋ ದೂರದಿಂದ, "ಉಸ್ತಾದ್, ಗಾಡಿ ತೆಗೀರಿ, ದಾರಿಗೆ ಅಡ್ಡ ಆಗ್ತದೆ!" ಎಂದು ಕೂಗಿದರು. ಉಸ್ತಾದರು ಎದ್ದು ಹೋಗಿ ಲಾರಿ ತೆಗೆದರು.

ಬೀದರಿನವನಾದ ನನ್ನ ಎದೆ ಯಾಕೆ ಧಸಕ್ಕೆಂದಿತು ಎಂದು ಬಿಡಿಸಿ ಹೇಳಬೇಕು. ನಮ್ಮ ಕಡೆ ಉಸ್ತಾದ ಎಂದರೆ ಅಕ್ಷರ ಕಲಿಸಿದವರು. ಅವರು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಡೆಯುತ್ತೇವೆ. ಇಲ್ಲಿ ಆ ಪದವಿ ಲಾರಿ ಓಡಿಸುವವರಿಗೂ ಗ್ಯಾರೇಜಿನ ಮೇಸ್ತ್ರಿಗೂ ಸಂದಿದೆ. ಕಲಿಸುವವನಿಗೆ ಬರೀ 'ಮಾಸ್ತರು'. ನಾನು ಉರ್ದು ಕಲಿಸಲು ಬಂದವನು. ಉಸ್ತಾದ ಎನ್ನಿಸಿಕೊಳ್ಳುವ ಆಸೆಯನ್ನು ಟ್ರಂಕಿನಲ್ಲಿ ಬಟ್ಟೆಯ ಜೊತೆಗೇ ಮಡಚಿ ತಂದಿದ್ದೆ.

ಕನ್ನಡದ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯವಾದ ಎರಡನೆಯ ವರ್ಷ ಅದು. ಇಲ್ಲಿಯ ಕನ್ನಡ ಶಾಲೆಗೆ ಹೊಂದಿಕೊಂಡ ಉರ್ದು ವರ್ಗಗಳಿಗೆ ಶಿಕ್ಷಕರು ಸಿಕ್ಕಿರಲಿಲ್ಲ. ಅರ್ಜಿ ಹಾಕಿದವನು ನಾನೊಬ್ಬನೇ. ಮರುದಿನ ಹೊಸ ಉರ್ದು ಮಾಸ್ತರನ್ನು ನೋಡಲು ಊರಿನ ಮುಸಲ್ಮಾನ ಹಿರಿಯರು ನಾಲ್ವರು ಬಂದರು. ನನ್ನ ಹಣೆಯ ವಿಭೂತಿ ನೋಡಿ, "ಮಾಸ್ತರು ಎಲ್ಲಿ?" ಎಂದು ನನ್ನನ್ನೇ ಕೇಳಿದರು. ನಾನೇ ಎಂದೆ. ಅವರು ನನ್ನ ಬೆನ್ನ ಹಿಂದೆ ಇನ್ನೊಬ್ಬರಿಗಾಗಿ ಹುಡುಕಿದರು. ಕೊನೆಗೆ ಅತ್ಯಂತ ಹಿರಿಯರೊಬ್ಬರು ಜೇಬಿನಿಂದ ಉರ್ದು ಪತ್ರಿಕೆ ತೆಗೆದು ಓದಿಸಿದರು. ಒಂದು ಕಾಲಮು ಓದಿ ಮುಗಿಸಿದಾಗ, "ನಾಲಿಗೆ ನಮ್ಮದು, ಹಣೆ ಮಾತ್ರ ನಿಮ್ಮದು. ಇರಲಿ, ಕಲಿಸಿ" ಎಂದು ನಕ್ಕರು.

ಆ ನಾಲಿಗೆ ಕೊಟ್ಟವರು ನನ್ನ ಮೌಲ್ವಿ ಸಾಹೇಬರು. ನನ್ನ ಬಾಲ್ಯದ ಬೀದರಿನಲ್ಲಿ ಕಚೇರಿಯೂ ಉರ್ದು, ಶಾಲೆಯೂ ಉರ್ದು. ಅಪ್ಪ ನನ್ನನ್ನು ಐದನೆಯ ವರ್ಷಕ್ಕೇ ಮಸೀದಿಯ ಪಡಸಾಲೆಯ ಮಕ್ತಬಿಗೆ, ಅಂದರೆ ಅಕ್ಷರ ಕಲಿಸುವ ಮನೆಗೆ, ಕಳಿಸಿದ. ಅಲ್ಲಿ ಗಂಟೆ ಇರಲಿಲ್ಲ, ಸಾಲುಮಣೆ ಇರಲಿಲ್ಲ. ದುಂಡಗೆ ಕೂರುತ್ತಿದ್ದೆವು. ಮರದ ಹಲಗೆಗೆ ಮುಲ್ತಾನಿ ಮಣ್ಣು ಬಳಿದು, ಬಿಸಿಲಿಗಿಟ್ಟು, ಜೊಂಡಿನ ಲೇಖನಿಯಿಂದ ಬರೆಯುವುದು. ಆ ಹಲಗೆಯೇ ತಖ್ತಿ. ಪ್ರತಿ ಮಗುವಿಗೂ ಅದರದೇ ಪಾಠ. ಒಬ್ಬ ಮೂರನೆಯ ಅಕ್ಷರದಲ್ಲಿದ್ದರೆ ಅವನ ಪಕ್ಕದವನು ಪದ್ಯದಲ್ಲಿರುತ್ತಿದ್ದ. ಮುಂದಿದ್ದವನಿಗೆ ಜಂಬವಿಲ್ಲ, ಹಿಂದಿದ್ದವನಿಗೆ ನಾಚಿಕೆಯಿಲ್ಲ.

ಮೌಲ್ವಿ ಸಾಹೇಬರು ಒಂದು ಪಾಠವನ್ನು ಮೂರು ಸುತ್ತು ಹೇಳುತ್ತಿದ್ದರು. ಮೊದಲ ಸುತ್ತಿಗೆ ಬರೀ ಸಾರ. ಎರಡನೆಯ ಸುತ್ತಿಗೆ ವಿಸ್ತಾರ. ಮೂರನೆಯ ಸುತ್ತಿಗೆ ಗಂಟುಗಳನ್ನು ಬಿಚ್ಚುವುದು. ಹಳೆಯ ಕಾಲದ ಆಲಿಮರು, ಎಂದರೆ ಇಸ್ಲಾಮಿನ ವಿದ್ವಾಂಸರು, ಕಲಿಸುವ ಕ್ರಮ ಇದೇ ಎಂದಿದ್ದಾರಂತೆ. ಬಡಿಗೆಗೆ ಹೆದರಿದ ಮಗು ಎಲ್ಲಕ್ಕಿಂತ ಮೊದಲು ಕಲಿಯುವುದು ಸುಳ್ಳು ಹೇಳುವುದನ್ನು, ಅದೂ ಅವರೇ ಹೇಳಿದ್ದಂತೆ. ಪಾಠ ಮುಗಿದ ಮೇಲೆ ಆಡದ ಮಗುವಿನ ಎದೆ ಬಾಡುತ್ತದೆ ಎಂದು ನಮ್ಮನ್ನು ಹೊರಗೆ ಅಟ್ಟುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಮಾತು: ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬಾರದು, ಸೂಚನೆಯಲ್ಲಿ ಹೇಳಬೇಕು. ನಾನು ಒಮ್ಮೆ ಮಸೀದಿಯ ಹಿತ್ತಲಿನ ಪೇರಲಕಾಯಿ ಕದ್ದೆ. ಮರುದಿನ ಅವರು ಎಲ್ಲರಿಗೂ ಒಂದು ಗಿಳಿಯ ಕಥೆ ಹೇಳಿದರು. ಆ ಗಿಳಿ ನಾನೇ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಸಂಜೆ ಹೋಗಿ ತಪ್ಪು ಒಪ್ಪಿಕೊಂಡೆ.

ಇಲ್ಲಿಯ ಶಾಲೆ ಬೇರೆಯೇ ಲೋಕ. ಗೋಡೆಗೆ ವೇಳಾಪತ್ರಿಕೆ, ಗಂಟೆಗೊಂದು ವಿಷಯ, ಮಧ್ಯಾಹ್ನ ತಕಲಿ ತಿರುಗಿಸಿ ನೂಲುವುದು, ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ ತಪಾಸಣೆ. ತರಗತಿಗೆ ನಾವು 'ಜಮಾತ್' ಅಂದರೆ ಇವರು 'ಇಯತ್ತೆ' ಅನ್ನುತ್ತಾರೆ. ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ; ಅದನ್ನು ಪಾಸಾದವರು ಮಾಸ್ತರಿಕೆಗೇ ಅರ್ಜಿ ಹಾಕಬಹುದು. ಮುಖ್ಯಾಧ್ಯಾಪಕರು ಹೆಗಡೆ ಮಾಸ್ತರು. ಅವರ ಮನೆಯ ಹೊರಗಿನ ಕೋಣೆಯೇ ನನ್ನ ಬಿಡಾರ, ಅವರ ಹೆಂಡತಿ ಸಾವಿತ್ರಕ್ಕನ ಅಡಿಗೆಯೇ ನನ್ನ ಊಟ. ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಎರಡು ಹೊತ್ತೂ ಅನ್ನ! ಮೊದಲ ದಿನ ಲೋಟದಲ್ಲಿ ತಿಳಿನೀರಿನಂಥದ್ದು ಬಂತು. ಕೈ ತೊಳೆಯಲು ಎಂದುಕೊಂಡು ಎದ್ದೆ. "ಅಯ್ಯೋ, ಅದು ಅಪ್ಪೆಹುಳಿ ಮಾರಾಯ್ರೆ, ಕುಡೀರಿ!" ಎಂದು ಹೆಗಡೆ ಮಾಸ್ತರು ಕೈ ಹಿಡಿದರು. ಕಾಡುಮಾವಿನ ಹುಳಿ, ಮೇಲೆ ಇಂಗಿನ ಒಗ್ಗರಣೆ. ಕುಡಿದು ಸಂಜೆ ನಾಲ್ಕರವರೆಗೆ ಮಲಗಿಬಿಟ್ಟೆ.

ಕೆಲಸಕ್ಕೆ ಸೇರಿದ ದಿನ ಹೆಗಡೆ ಮಾಸ್ತರು ನನಗೊಂದು ಉಡುಗೊರೆ ಕೊಟ್ಟಿದ್ದರು: ಒಳ್ಳೆ ಹದವಾದ ನಾಗರಬೆತ್ತ. ಈ ಕಡೆಯ ಕಾಡಿನಲ್ಲಿ ಬೆಳೆಯುತ್ತದೆ. "ನಿಮ್ಮ ಬೀದರಲ್ಲಿ ಇಂಥದ್ದು ಸಿಕ್ಕೂದಿಲ್ಲ" ಎಂದರು. ನಮ್ಮಲ್ಲಿ ಅದರ ಅಗತ್ಯ ಇಲ್ಲ ಎಂದು ಬಿಗುಮಾನದಿಂದ ಹೇಳಿ, ಅದನ್ನು ವರ್ಗದ ಗೋಡೆಯ ಮೊಳೆಗೆ ತೂಗುಹಾಕಿದೆ. ಎರಡು ವರ್ಷ ಅದು ಅಲ್ಲೇ ತೂಗಿತು. ಬಂದವರಿಗೆಲ್ಲ ಧೂಳು ಹಿಡಿದ ಬೆತ್ತ ತೋರಿಸುವುದು ನನಗೊಂದು ಚಟವಾಯಿತು.

ಶಿರಸಿಯ ಶಿಕ್ಷಕರ ಸಭೆಯಲ್ಲೂ ಅದನ್ನೇ ಕೊಚ್ಚಿಕೊಂಡೆ. ಮಕ್ತಬಿನ ಕ್ರಮದ ಬಗ್ಗೆ ಮಾತನಾಡಲು ಹೇಳಿದ್ದರು. ಸಿದ್ದಾಪುರದ ಕಡೆಯ ಕೋಲಸಿರ್ಸಿಯಿಂದ ಬಂದ ತರುಣ ಮಾಸ್ತರೊಬ್ಬರು ಎದ್ದು, "ಅದೆಲ್ಲ ಕಂಠಪಾಠದ ಕಾಲದ್ದು. ಒಂದು ವರ್ಗಕ್ಕೆ ಐವತ್ತು ಮಕ್ಕಳಿರುವ ಈಗಿನ ಶಾಲೆಗೆ ಅದರಿಂದ ಎಂತ ಪ್ರಯೋಜನ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ನಾನೂ ಒಪ್ಪಿಕೊಂಡೆ: ನಮ್ಮ ದುಂಡು ಸಾಲಿನಲ್ಲಿ ಒಂಬತ್ತು ವರ್ಷ ದಾಟಿದ ಹುಡುಗಿಯರಿರಲಿಲ್ಲ, ಭೂಪಟವಿರಲಿಲ್ಲ, ಅರ್ಥ ತಿಳಿಯದೆ ಉರು ಹೊಡೆದದ್ದೂ ಬಹಳ. ಆದರೆ ಐವತ್ತು ಮಕ್ಕಳಿದ್ದರೂ ಪ್ರತಿಯೊಂದರ ಮುಖವೂ ಬೇರೆ ಅಲ್ಲವೇ, ಮಗುವಿನ ಮಾನ ಕಾಯುವುದಕ್ಕೆ ಹೊಸ ಶಾಲೆ ಹಳೆ ಶಾಲೆ ಎಂದು ಉಂಟೇ ಎಂದೆ. ಚಪ್ಪಾಳೆ ಬಿತ್ತು. ಹೊಗಳಿಕೆಗೆ ಉಬ್ಬಿದ ಮನುಷ್ಯನಿಗೆ ಕಣ್ಣು ಕಾಣಿಸುವುದಿಲ್ಲ.

ಆ ಹುಮ್ಮಸ್ಸಿನಲ್ಲೇ ಊರಿಗೆ ಮರಳಿ, ಬಡಗಿಯಿಂದ ಮೂವತ್ತು ತಖ್ತಿ ಮಾಡಿಸಿದೆ. ಆರನೇ ಇಯತ್ತೆಯ ಮಕ್ಕಳಿಗೆ ಮಣ್ಣು ಬಳಿಯಲು ಕಲಿಸಿದೆ. ನಮ್ಮ ಮಕ್ತಬಿನ ರೂಢಿಯಂತೆ ಹಲಗೆಯ ತಲೆಯಲ್ಲಿ ಮೊದಲು ಉಸ್ತಾದರ ಹೆಸರು ಬರೆಯಬೇಕು, ಆಮೇಲೆ ಪಾಠ. "ನಿಮ್ಮ ನಿಮ್ಮ ಉಸ್ತಾದರ ಹೆಸರು ಬರೀರಿ" ಎಂದೆ. ಲಾರಿಯವರನ್ನು ಇಲ್ಲಿಗೆ ತರಬೇಡಿ, ಶಾಲೆಯಲ್ಲಿ ಉಸ್ತಾದ ಎಂದರೆ ಕಲಿಸಿದವರು ಎಂದೂ ಸೇರಿಸಿದೆ. ನಿಜ ಹೇಳಿಬಿಡುತ್ತೇನೆ: ಮೂವತ್ತು ಹಲಗೆಗಳ ಮೇಲೆ 'ಶರಣಪ್ಪ' ಎಂದು ನನ್ನ ಹೆಸರು ಬರೆದಿರುವುದನ್ನು ಕಣ್ತುಂಬ ನೋಡುವ ಆಸೆ ನನಗಿತ್ತು.

ಇಪ್ಪತ್ತೊಂಬತ್ತು ಹಲಗೆಗಳು ಹಾಗೇ ಬಂದವು. ಮೂವತ್ತನೆಯದು ಹಾಜಿರಾಳದು. ಹನ್ನೆರಡು ವರ್ಷದ ಹುಡುಗಿ, ಆ ಇಯತ್ತೆಗೆ ಅವಳೊಬ್ಬಳೇ ಹೆಣ್ಣು, ಓದಿನಲ್ಲಿ ಎಲ್ಲರಿಗಿಂತ ಮುಂದೆ. ಅವಳ ಹಲಗೆಯ ಮೇಲೆ, ಉರ್ದು ತರಗತಿಯಲ್ಲಿ, ದಪ್ಪ ಕನ್ನಡ ಅಕ್ಷರಗಳಲ್ಲಿ 'ಹುಸೇನ್ ಸಾಬ್' ಎಂದಿತ್ತು. ಹುಸೇನ್ ಸಾಬ್ ಅವಳ ತಂದೆ, ಲಾರಿ ಓಡಿಸುವವರು. ನಾನು ಅದನ್ನು ಜೋರಾಗಿ ಓದಿದೆ. ಹುಡುಗರು ಗೊಳ್ಳೆಂದರು.

"ಇದ್ಯಾರ ಹೆಸರು?"

"ನಮ್ಮ ಅಬ್ಬಾದು, ಮಾಸ್ತರ್."

"ನಾ ಏನ್ ಹೇಳೀನಿ? ಅಳಸು."

ಅವಳು ಅಳಿಸಲಿಲ್ಲ. ಹಲಗೆಯನ್ನು ಎದೆಗೆ ಅವುಚಿಕೊಂಡು ನಿಂತಳು. ಮತ್ತೊಮ್ಮೆ ಹೇಳಿದೆ. ಅಲ್ಲಾಡಲಿಲ್ಲ. ಇವಳು ನನ್ನನ್ನು ಹಂಗಿಸುತ್ತಿದ್ದಾಳೆ, ಹುಡುಗರ ಮುಂದೆ ನನ್ನ ಮರ್ಯಾದೆ ತೆಗೆಯುತ್ತಿದ್ದಾಳೆ ಎಂದು ತಲೆಗೆ ರಕ್ತ ಏರಿತು. ಗೋಡೆಯ ಬೆತ್ತ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅವಳ ಅಂಗೈ ಮೇಲೆ ಎರಡು ಬಿಟ್ಟೆ. ಅವಳು ಅಳಲಿಲ್ಲ, ಹೆಸರನ್ನೂ ಒರೆಸಲಿಲ್ಲ. ಬೆತ್ತದ ಧೂಳು ನನ್ನ ಅಂಗೈಗೆ ಹತ್ತಿತ್ತು.

ಮರುದಿನ ಹಾಜಿರಾ ಬರಲಿಲ್ಲ. ಮೂರನೆಯ ದಿನವೂ ಇಲ್ಲ. "ಎರಡು ಪೆಟ್ಟು ಬಿತ್ತು ಅಂತ ಯಾರೂ ಶಾಲೆ ಬಿಡೂದಿಲ್ಲ ಮಾರಾಯ್ರೆ, ಬರ್ತಾಳೆ" ಎಂದರು ಹೆಗಡೆ ಮಾಸ್ತರು. ಒಳಗಿನಿಂದ ಸಾವಿತ್ರಕ್ಕ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು: "ಆ ಕೂಸು ಮೂರು ದಿನ ಆತು ಈ ದಾರಿಲಿ ಹೋಗಿದ್ದಿಲ್ಲೆ. ಎಂತ ಆತು ಹೇಳಿ ಕೇಳೂಲಾಗ್ದಾ?" ಅವಳು ಬಿಟ್ಟರೆ ಮುಲ್ಕಿಯೂ ಇಲ್ಲ, ಮುಂದಿನ ಓದೂ ಇಲ್ಲ. ಕೆಳಗಿನ ಇಯತ್ತೆಗಳ ಐದಾರು ಹುಡುಗಿಯರ ಮನೆಯವರಿಗೂ ಒಂದು ನೆಪ ಸಿಕ್ಕಂತೆ. ಬೀದರ್ ಬಿಟ್ಟು ಇಷ್ಟು ದೂರ ಬಂದು ನಾನು ಮಾಡಿದ್ದು ಇದು.

ಭಾನುವಾರ ಬೆಳಿಗ್ಗೆ ಹುಸೇನ್ ಸಾಬರ ಮನೆ ಹುಡುಕಿ ಹೋದೆ. ಮನೆಗೆ ತಾಗಿಯೇ ಲಾರಿ ನಿಂತಿತ್ತು. ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬಸ್ಸಿಳಿದ ದಿನ ನಾನು ಕಂಡ ಮೊದಲ ಉಸ್ತಾದರು ಇವರೇ ಇದ್ದರೂ ಇರಬಹುದು. ಹೊರಗೆ ಬಂದವರು ನನ್ನನ್ನು ನೋಡಿ ಗಡಬಡಿಸಿ ಎದ್ದರು.

"ಮಾಸ್ತ್ರೇ, ನೀವು ಎಂತಕ್ಕೆ ಇಲ್ಲಿವರೆಗೆ ಬಂದ್ರಿ? ಬಟ್ಟೆಗೆ ಗ್ರೀಸ್ ಆಗ್ತದೆ."

"ಹಾಜಿರಾ ಸಾಲಿಗಿ ಬರ್ಲಿಲ್ರಿ."

"ಬರೂದಿಲ್ಲ ಅಂತಾಳೆ. ಹೊಡೆದದ್ದಕ್ಕಲ್ಲ ಮಾಸ್ತ್ರೇ. ನನ್ನ ಉಸ್ತಾದ ಪಾನಾದಲ್ಲೇ ಹೊಡೀತಿದ್ದ. ಅವ ಸತ್ತು ಎಷ್ಟೋ ವರ್ಷ ಆಯ್ತು, ಗೇರ್ ಬಾಕ್ಸ್ ಬಿಚ್ಚೂವಾಗ ಇವತ್ತಿಗೂ ನನ್ನ ಕೈ ಒಂದ್ಸಲ ನಡುಗ್ತದೆ." ಅವರು ಅರಿವೆಯಲ್ಲಿ ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದರು. "ಹೆಸರು ಅಳಿಸು ಅಂದ್ರಂತಲ್ಲ, ಅವಳಿಗೆ ಅದು ತಡೀಲಿಲ್ಲ. ಅವಳದ್ದೇ ತಪ್ಪು. ನಾನೆಂತ ಉಸ್ತಾದ? ಓದೂದು ನಾಲ್ಕು ಮೈಲುಗಲ್ಲು ಅಷ್ಟೆ."

ಅವರು ಹೇಳಿದ್ದು ಇಷ್ಟು. ಹಾಜಿರಾ ನಾಲ್ಕು ವರ್ಷದವಳಿದ್ದಾಗ ಬಹಳ ಹಟದ ಕೂಸು. ಅಳು ನಿಲ್ಲಿಸಲು ಹುಬ್ಬಳ್ಳಿಗೆ ಹೋಗುವಾಗ ಲಾರಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ರಸ್ತೆಯ ಕಲ್ಲುಗಳ ಮೇಲಿನ ಊರ ಹೆಸರನ್ನು ಅವರಿಗೆ ಹಿಂದೆ ಯಾರೋ ಕಂಡಕ್ಟರು ಹೇಳಿಕೊಟ್ಟಿದ್ದರು. ಅದನ್ನೇ ಮಗಳಿಗೆ ಹೇಳಿಕೊಟ್ಟರು. ಕಲ್ಲು ಬಂದಾಗ ಗಾಡಿ ನಿಧಾನ ಮಾಡುವುದು, ಅವಳು ಓದುವುದು.

"ತಪ್ಪಾಗಿ ಓದಿದ್ರ?" ಎಂದು ಕೇಳಿದೆ.

"ಮುಂದಿನ ಕಲ್ಲು ಬರ್ತದಲ್ಲ ಮಾಸ್ತ್ರೇ. ಅದರ ಮೇಲೂ ಅದೇ ಹೆಸರು. ಅವಸರ ಎಂತಕ್ಕೆ?"

ಮಗುವಿನ ವೇಗಕ್ಕೆ ಗಾಡಿ ನಿಧಾನಿಸುವುದು; ಅದೇ ಪಾಠ ಮತ್ತೆ ಮತ್ತೆ; ತಪ್ಪಿದರೆ ಗದರುವುದಿಲ್ಲ, ಮುಂದಿನ ಕಲ್ಲಿಗೆ ಕಾಯುವುದು. ಶಿರಸಿಯ ಸಭೆಯಲ್ಲಿ ಒಂದು ಗಂಟೆ ನಾನು ಭಾಷಣ ಬಿಗಿದದ್ದನ್ನು ಈ ಮನುಷ್ಯ ಗೇರು ಬದಲಿಸುತ್ತ ಮಾಡಿ ಮುಗಿಸಿದ್ದರು. ಒಂದೇ ಒಂದು ಅಕ್ಷರ ಹೇಳಿಕೊಟ್ಟವರ ಋಣವೂ ತೀರುವುದಿಲ್ಲ ಎಂದು ಮೌಲ್ವಿ ಸಾಹೇಬರು ನಮಗೆ ಹೇಳುತ್ತಿದ್ದರು. ಹಾಜಿರಾ ಆ ಮಾತನ್ನು ಕೇಳದೆಯೇ ಪಾಲಿಸಿದ್ದಳು. ತಂದೆ ಕಲಿಸಿದ ಅಕ್ಷರಗಳಲ್ಲೇ ತಂದೆಯ ಹೆಸರು ಬರೆದಿದ್ದಳು. ಅದಕ್ಕೆ ನಾನು ಹೊಡೆದಿದ್ದೆ.

ಅಷ್ಟರಲ್ಲಿ ಹಾಜಿರಾ ಚಹಾ ತಂದಳು. ನನ್ನ ಮುಖ ನೋಡಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ಅವಳ ಹಲಗೆ ಇತ್ತು. ಹೆಸರು ಹಾಗೇ ಇತ್ತು. "ತಪ್ಪ ಮಾಡೀನಿ, ಮಗಳ" ಎಂದೆ. ಹುಸೇನ್ ಸಾಬರು ಗಾಬರಿಯಾಗಿ, "ಇಲ್ಲಿಗೇ ಮುಗೀತು ಬಿಡಿ, ಮಾಸ್ತ್ರೇ" ಎಂದರು.

"ಇಲ್ಲಿ ಮುಗಿಯಂಗಿಲ್ರಿ. ಮಂದಿ ಮುಂದ ಮಾಡಿದ ತಪ್ಪ ಮಂದಿ ಮುಂದೇ ತಿದ್ದಕೋಬೇಕು. ನೀವು ನಾಳಿ ಸಾಲಿಗಿ ಬರ್ರಿ. ನನ್ನ ಕುರ್ಚಿ ಮ್ಯಾಲ ಕುಂತು ನಮ್ಮ ಹುಡುಗರಿಗಿ ಒಂದು ಪಾಠ ಹೇಳ್ರಿ."

"ನಾನಾ? ಶಾಲೆಗಾ?" ಘಟ್ಟದ ತಿರುವಿನಲ್ಲೂ ಹೆದರದ ಮನುಷ್ಯನ ಮುಖ ಬಿಳಿಚಿತು. "ಆಗೂದಿಲ್ಲ ಮಾಸ್ತ್ರೇ. ಆ ಬಾಗಿಲ ಒಳಗೆ ನಾನು ಕಾಲಿಟ್ಟವನೇ ಅಲ್ಲ."

ಆಗ ಹಾಜಿರಾ ಮೊದಲ ಬಾರಿ ಬಾಯಿಬಿಟ್ಟಳು. "ಅಬ್ಬಾ ಬಂದ್ರೆ ನಾನೂ ಬರ್ತೇನೆ."

ಸೋಮವಾರ ಗಂಟೆ ಬಾರಿಸಿತು. ಹಾಜರಿ ಕರೆದದ್ದಾಯಿತು. ಅವರಿಲ್ಲ. ಇನ್ನು ಬರುವುದಿಲ್ಲ ಎಂದು ಮನಸ್ಸು ಕಲ್ಲುಮಾಡಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಒಗೆದ ಬಿಳಿ ಅಂಗಿ ಕಂಡಿತು. ಹುಸೇನ್ ಸಾಬರು ಚಪ್ಪಲಿಯನ್ನು ಮೆಟ್ಟಿಲಿಗಿಂತ ನಾಲ್ಕು ಮಾರು ದೂರದಲ್ಲೇ ಬಿಟ್ಟು ಬಂದಿದ್ದರು. ಹಾಜಿರಾ ಅವರ ಕೈ ಹಿಡಿದು ಒಳಗೆ ಕರೆತಂದಳು. ಸುದ್ದಿ ತಿಳಿದು ಹೆಗಡೆ ಮಾಸ್ತರೂ ಬಂದು ಕಿಟಕಿಯ ಬಳಿ ನಿಂತರು.

ಅವರನ್ನು ಕುರ್ಚಿಯ ಮೇಲೆ ಕೂರಿಸಿ ಮಕ್ಕಳಿಗೆ ಹೇಳಿದೆ: ಹಾಜಿರಾ ಸರಿಯಾಗಿಯೇ ಬರೆದಿದ್ದಳು, ಓದಲು ಬಾರದವನು ನಾನು, ಅವಳಿಗೆ ಹೊಡೆದದ್ದು ನನ್ನ ತಪ್ಪು. ಆಮೇಲೆ ಹೋಗಿ ಹುಡುಗರ ನಡುವೆ ಚಾಪೆಯ ಮೇಲೆ ಕುಳಿತೆ.

ಹುಸೇನ್ ಸಾಬರು ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಕಪ್ಪು ಫಲಕದ ಮೇಲೆ ಮೊದಲು ಒಂದು ಮೈಲುಗಲ್ಲಿನ ಚಿತ್ರ ಬಿಡಿಸಿದರು. ಅದರೊಳಗೆ ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದರು: 'ಹುಬಳಿ'.

ನನ್ನ ಪಕ್ಕದ ಹುಡುಗ ಕಿಸಕ್ಕೆಂದ. ಹಿಂದಿನ ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಹುಸೇನ್ ಸಾಬರ ಕೈ ನಿಂತಿತು. ತಾವು ಏನೋ ಕೆಡಿಸಿದೆವು ಎಂದು ಅವರಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ನಾನು ತಿದ್ದಿದರೆ ಅವರ ಮಾನ ಹೋಗುತ್ತದೆ, ತಿದ್ದದಿದ್ದರೆ ಮಕ್ಕಳ ಮುಂದೆ ಸುಳ್ಳು ನಿಲ್ಲುತ್ತದೆ. ಎರಡು ವರ್ಷ ಮೌಲ್ವಿ ಸಾಹೇಬರ ಹೆಸರು ಹೇಳಿಕೊಂಡು ಓಡಾಡಿದ ನನಗೆ ಆ ಗಳಿಗೆ ಒಂದು ಮಾತೂ ಹೊಳೆಯಲಿಲ್ಲ.

ಹಾಜಿರಾ ಎದ್ದು ಹೋದಳು. ತಂದೆಯ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡಳು.

"ಆ ಕಲ್ಲು ಬಹಳ ಹಳೇದಾಗಿದೆ, ಅಬ್ಬಾ. ಅಡಿಯ ಬಣ್ಣ ಎಲ್ಲ ಹೋಗಿದೆ. ಮೊದಲು ಇಲ್ಲಿ ಇನ್ನೂ ಎರಡು ಇತ್ತು" ಎಂದು, 'ಬ'ದ ಕೆಳಗೊಂದು, 'ಳಿ'ಯ ಕೆಳಗೊಂದು ಒತ್ತಕ್ಷರ ಬರೆದಳು.

"ಹೌದಾ?" ಎಂದು ಅವರು ಫಲಕದ ಹತ್ತಿರ ಬಗ್ಗಿ ನೋಡಿದರು. "ಹುಬ್ಬಳ್ಳಿ. ಅಲ್ವಾ ಮತ್ತೆ! ಬಾಯಲ್ಲಿ ಹಾಗೇ ಹೇಳ್ತೇವೆ. ಹಾಳು ಕಲ್ಲು, ಇಷ್ಟು ವರ್ಷ ಮೋಸ ಮಾಡ್ತು ನೋಡಿ."

ಯಾರೂ ನಗಲಿಲ್ಲ. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ಆ ನಗು ಬೇರೆ. ನಾನು ಕಣ್ಣು ಒರೆಸಿಕೊಂಡೆ. ಶಾಲೆಗೆ ಬಂದ ಮೊದಲ ವರ್ಷವೇ ಆ ತಪ್ಪು ಅವಳಿಗೆ ಗೊತ್ತಾಗಿದ್ದಿರಬೇಕು. ಅಷ್ಟು ವರ್ಷ ತಂದೆಗೆ ಹೇಳದೆ ಕಾದಿದ್ದಳು. ಹೇಳಲೇಬೇಕಾಗಿ ಬಂದಾಗ ತಪ್ಪನ್ನು ಕಲ್ಲಿನ ಮೇಲೆ ಹಾಕಿದಳು. ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ.

ಮರುದಿನ, ಎಲ್ಲರೂ ಹಲಗೆಗೆ ಹೊಸದಾಗಿ ಮಣ್ಣು ಬಳಿದು, ತಮಗೆ ಮೊದಲು ಏನಾದರೂ ಕಲಿಸಿದವರ ಹೆಸರು ಬರೆಯಲಿ ಎಂದೆ. ಬೆರಳೆಣಿಸಿ ಲೆಕ್ಕ ಕಲಿಸಿದ ಅಜ್ಜಿಯರು ಹಲಗೆಯ ಮೇಲೆ ಬಂದರು, ಅಮ್ಮಂದಿರು ಬಂದರು, ಟೈರಿನ ಅಂಗಡಿಯ ಒಬ್ಬ ಚಿಕ್ಕಪ್ಪ ಬಂದ. ಮೂವತ್ತರಲ್ಲಿ ನಾಲ್ಕು ಹಲಗೆಗಳ ಮೇಲೆ ಮಾತ್ರ ನನ್ನ ಹೆಸರಿತ್ತು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಬೆತ್ತವನ್ನು ಹೆಗಡೆ ಮಾಸ್ತರಿಗೆ ಹಿಂತಿರುಗಿಸಿದೆ. ಈಗ ಸಾವಿತ್ರಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸುವಾಗ ಅದರಿಂದ ಕಾಗೆ ಓಡಿಸುತ್ತಾರೆ.

ಹಾಜಿರಾ ಈಗ ಏಳನೇ ಇಯತ್ತೆ. ಬರುವ ಬೇಸಿಗೆಗೆ ಶಿರಸಿಯಲ್ಲಿ ಮುಲ್ಕಿಗೆ ಕೂರುತ್ತಾಳೆ. ಹುಸೇನ್ ಸಾಬರು ಆ ವಾರ ಬೇರೆ ಬಾಡಿಗೆ ಹಿಡಿಯುವುದಿಲ್ಲ ಎಂದು ಈಗಲೇ ಹೇಳಿಟ್ಟಿದ್ದಾರೆ.

ಮೊನ್ನೆ ಬೀದರಿನಿಂದ ಅಕ್ಕನ ಕಾಗದ ಬಂತು. ಊರ ಶಾಲೆಯಲ್ಲೇ ಜಾಗ ಖಾಲಿ ಇದೆಯಂತೆ, ವರ್ಗಾವಣೆಗೆ ಅರ್ಜಿ ಹಾಕು, ಎಷ್ಟು ವರ್ಷ ಪರದೇಶಿಯ ಹಾಗೆ ಇರುತ್ತೀ ಎಂದು ಬರೆದಿದ್ದಾಳೆ. ಓದುತ್ತಿದ್ದ ಹಾಗೆ ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಮಕ್ತಬಿನ ಪಡಸಾಲೆ, ಕೆಂಪು ಮಣ್ಣಿನ ಓಣಿ, ನನ್ನ ಬೀದರ್ ಮಾತಿನ 'ಮಾಡ್ಲತ್ತೀನಿ'ಗೆ ಇಲ್ಲಿಯವರಂತೆ ನಗದ ಜನ, ಎಲ್ಲವೂ ಕಣ್ಣ ಮುಂದೆ ಬಂದವು. ಹಾಜಿರಾಳ ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ ಎಂದು ಅಂದೇ ಉತ್ತರ ಬರೆದು, ಅಂಚೆಗೆ ಹಾಕಲು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಬಾಗಿಲಲ್ಲಿ ಹಾಜಿರಾ ನಿಂತಿದ್ದಳು. ಅವಳ ಸೆರಗಿನ ಹಿಂದೆ ತಂಗಿ ಜುಲೇಖಾ. ಒಂದನೇ ಇಯತ್ತೆಗೆ ಹೆಸರು ಹಚ್ಚಲು ಕರೆತಂದಿದ್ದಳು. ಆ ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರು ಎಷ್ಟು ದಿನ ಕಲಿಸ್ತಾರೆ?" ಎಂದು ಅಕ್ಕನನ್ನು ಕೇಳಿತು.

"ಮುಲ್ಕಿವರೆಗೆ" ಎಂದಳು ಹಾಜಿರಾ, ನನ್ನನ್ನು ಒಂದು ಮಾತೂ ಕೇಳದೆ.

ಒಂದರಿಂದ ಏಳು. ಅಕ್ಕನಿಗೆ ಬರೆದ ಉತ್ತರ ಇನ್ನೂ ಜೇಬಿನಲ್ಲೇ ಇದೆ. ನನಗೆ ಬೀದರ್ ಬೇಕು. ಈ ಏಳು ವರ್ಷವೂ ಬೇಕು.